ಅಂಕಪಟ್ಟಿಗಿಂತ ಮುಂಚೆ ಹುಟ್ಟಿದ ವೇಳಾಪಟ್ಟಿ

1887ರ ಅಕ್ಟೋಬರ್ 15ರಂದು ಪ್ರೆಸ್ಟನ್ ನಾರ್ತ್ ಎಂಡ್ ತಂಡ ಹೈಡ್ ಎಂಬ ಊರಿನ ತಂಡದ ಮೇಲೆ 26 ಗೋಲು ಹೊಡೆಯಿತು. ಹೈಡ್‌ನವರದು ಸೊನ್ನೆ. ಇಂಗ್ಲೆಂಡಿನ ಎಫ್‌ಎ ಕಪ್‌ನಲ್ಲಿ ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. 65 ವರ್ಷ ಕಳೆದ ಮೇಲೆ, 1952ರ ನವೆಂಬರ್‌ನಲ್ಲಿ, ಹದಿಹರೆಯದವರಿಗೆಂದೇ ಆಗತಾನೆ ಶುರುವಾಗಿದ್ದ ಎಫ್‌ಎ ಯೂತ್ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಹುಡುಗರು ನ್ಯಾಂಟ್‌ವಿಚ್ ತಂಡವನ್ನು 23–0ರಿಂದ ಸೋಲಿಸಿದರು. ಗೆದ್ದವರ ಪಾಳಯದಲ್ಲಿ ಡಂಕನ್ ಎಡ್ವರ್ಡ್ಸ್ ಎಂಬ ಹದಿನಾರರ ಪೋರನಿದ್ದ, ಮುಂದೆ ಇಂಗ್ಲೆಂಡ್ ಕಂಡ ಮಹಾ ಆಟಗಾರರಲ್ಲಿ ಒಬ್ಬನೆನಿಸಿದವನು. ಆ ದಿನ ಅವನು ಏನು ಕಲಿತಿದ್ದಾನು? ಎದುರು ನಿಂತ ನ್ಯಾಂಟ್‌ವಿಚ್‌ನ ಗೋಲ್‌ಕೀಪರ್ ಏನು ಕಲಿತಿದ್ದಾನು? ಎರಡೂ ನಾಕೌಟ್ ಪಂದ್ಯಗಳು. ಯಾರಿಗೆ ಯಾರು ಎದುರಾಳಿ ಎಂಬುದನ್ನು ಚೀಟಿ ತೀರ್ಮಾನಿಸಿತ್ತು. ಹೀಗೆ ಚೀಟಿಗೆ ಬಿಡುವ ಬದಲು ಮಕ್ಕಳ ಫುಟ್‌ಬಾಲ್ ಕ್ಲಬ್‌ಗಳು ಲೀಗ್ ಆಡಲೇಬೇಕೇ, ತರಬೇತಿ ಮತ್ತು ಅಲ್ಲೊಂದು ಇಲ್ಲೊಂದು ಟೂರ್ನಿ ಸಾಲದೇ ಎಂಬ ಚರ್ಚೆ ಅಮೆರಿಕದಲ್ಲೂ ಯುರೋಪಿನಲ್ಲೂ ವರ್ಷಗಳಿಂದ ನಡೆದಿದೆ. ಈಗೀಗ ನಮ್ಮ ಊರಿನ ಪೋಷಕರ ನಡುವೆಯೂ ಸುಳಿದಾಡುತ್ತಿದೆ. ಬೇಡವೆನ್ನುವವರು ಲೀಗ್ ಮಗುವನ್ನು ಗೆಲ್ಲುವ ಯಂತ್ರ ಮಾಡುತ್ತದೆ ಎನ್ನುತ್ತಾರೆ. ಬೇಕೆನ್ನುವವರು ಅದಿಲ್ಲದೆ ಆಟಕ್ಕೆ ಕಾವೇ ಬರುವುದಿಲ್ಲ ಎನ್ನುತ್ತಾರೆ. ಲೀಗ್ ಎಂಬುದು ಒಂದೇ ವಸ್ತು ಎಂದು ಎರಡು ಕಡೆಯವರೂ ಭಾವಿಸಿರುವುದೇ ತೊಡಕು. ಅದರ ಹುಟ್ಟನ್ನು ಕೆದಕಿದರೆ ಒಳಗೆ ಎರಡು ವಸ್ತುಗಳು ಸಿಗುತ್ತವೆ. ಒಂದು, ಯಾರು ಯಾರ ಮೇಲೆ ಯಾವತ್ತು ಆಡಬೇಕೆಂಬ ವೇಳಾಪಟ್ಟಿ. ಇನ್ನೊಂದು, ಯಾರು ಮೇಲೆ ಯಾರು ಕೆಳಗೆ ಎಂಬ ಅಂಕಪಟ್ಟಿ. ಇವೆರಡೂ ಅವಳಿಗಳಲ್ಲ. ಮೊದಲನೆಯದು ದೊಡ್ಡದು, ಎರಡನೆಯದು ಅದಕ್ಕಿಂತ ಕೆಲವು ತಿಂಗಳು ಚಿಕ್ಕದು.

ಆ ಕೆಲವು ತಿಂಗಳುಗಳ ಕತೆಯನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಅಸೋಸಿಯೇಶನ್ ಹುಟ್ಟಿದ್ದು 1863ರಲ್ಲಿ, ಎಫ್‌ಎ ಕಪ್ ಶುರುವಾದದ್ದು 1871ರಲ್ಲಿ. ಮೊದಲ ಎರಡು ದಶಕ ಕ್ಲಬ್‌ಗಳ ಬದುಕು ನಡೆದದ್ದು ಕಪ್ ಪಂದ್ಯಗಳ ಮೇಲೆ, ಅವುಗಳ ನಡುವಿನ ಬಿಡುವಿನಲ್ಲಿ ಪರಸ್ಪರ ಪತ್ರ ಬರೆದು ಗೊತ್ತುಮಾಡಿಕೊಂಡ ಸೌಹಾರ್ದ ಪಂದ್ಯಗಳ ಮೇಲೆ. 1885ರಲ್ಲಿ ಆಟಗಾರರಿಗೆ ಸಂಬಳ ಕೊಡುವುದು ಕಾನೂನುಬದ್ಧವಾಯಿತು. ಅಲ್ಲಿಗೆ ಹಳೆಯ ಏರ್ಪಾಡಿನ ಬಿರುಕುಗಳೆಲ್ಲ ಬಾಯಿಬಿಟ್ಟವು. ಸಂಬಳ ವಾರವಾರ ಕೊಡಬೇಕು, ಪಂದ್ಯ ಮಾತ್ರ ವಾರವಾರ ಇರುವುದಿಲ್ಲ. ಕಪ್‌ನಿಂದ ಬೇಗ ಹೊರಬಿದ್ದ ತಂಡಕ್ಕೆ ಉಳಿದ ಋತುವೆಲ್ಲ ಖಾಲಿ. ಗೊತ್ತುಮಾಡಿಕೊಂಡ ಸೌಹಾರ್ದ ಪಂದ್ಯವೂ ಎದುರಾಳಿಗೆ ಇನ್ನೊಂದು ಕಪ್ ಪಂದ್ಯ ಬಂದರೆ ಕೊನೆಗಳಿಗೆಯಲ್ಲಿ ರದ್ದು. ರದ್ದಾಗದಿದ್ದರೂ ಎದುರಾಳಿ ಅರೆಬರೆ ತಂಡ ಕಟ್ಟಿಕೊಂಡು ಬರಬಹುದು. ಗೇಟಿನಲ್ಲಿ ಕಾಸು ಕೊಟ್ಟ ಜನ ಎಷ್ಟು ಸಲ ಮೋಸಹೋದಾರು? ಬರ್ಮಿಂಗ್‌ಹ್ಯಾಮ್‌ನಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದ, ಆ್ಯಸ್ಟನ್ ವಿಲ್ಲಾ ಕ್ಲಬ್ಬಿನ ಆಡಳಿತದಲ್ಲಿದ್ದ ಸ್ಕಾಟ್ಲೆಂಡಿನ ವಿಲಿಯಂ ಮೆಕ್‌ಗ್ರೆಗರ್ ವ್ಯಾಪಾರಿಯ ಕಣ್ಣಿನಿಂದಲೇ ಇದನ್ನು ಕಂಡ. 1888ರ ಮಾರ್ಚ್ 2ರಂದು ಅವನು ಕೆಲವು ಪ್ರಮುಖ ಕ್ಲಬ್‌ಗಳಿಗೆ ಪತ್ರ ಬರೆದ. ಹತ್ತು ಹನ್ನೆರಡು ಕ್ಲಬ್‌ಗಳು ಸೇರಿ, ಪ್ರತಿಯೊಂದೂ ಪ್ರತಿಯೊಂದರ ಮೇಲೆ ತನ್ನ ಊರಲ್ಲೊಮ್ಮೆ ಅವರ ಊರಲ್ಲೊಮ್ಮೆ ತಪ್ಪದೆ ಆಡುವ ಒಪ್ಪಂದ ಮಾಡಿಕೊಳ್ಳೋಣ ಎಂಬುದು ಅವನ ಸಲಹೆಯ ತಿರುಳು. ಏಪ್ರಿಲ್ 17ರಂದು ಮ್ಯಾಂಚೆಸ್ಟರಿನಲ್ಲಿ ಸಭೆ ಸೇರಿ ಫುಟ್‌ಬಾಲ್ ಲೀಗ್ ಸ್ಥಾಪನೆಯಾಯಿತು. 12 ಕ್ಲಬ್‌ಗಳು, ತಲಾ 22 ಪಂದ್ಯಗಳು. ಸೆಪ್ಟೆಂಬರ್ 8ರಂದು ಆಟ ಶುರು. ಆದರೆ ಗೆದ್ದರೆ ಎಷ್ಟು ಅಂಕ, ಸಮವಾದರೆ ಎಷ್ಟು ಎಂಬುದು ಆಗಿನ್ನೂ ಗೊತ್ತಿರಲಿಲ್ಲ. ಗೆಲುವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕೆಂಬ ವಾದವೂ ಇತ್ತು. ಗೆಲುವಿಗೆ ಎರಡು, ಸಮಕ್ಕೆ ಒಂದು ಎಂದು ನಿಶ್ಚಯವಾದದ್ದು ನವೆಂಬರ್‌ನಲ್ಲಿ, ಋತು ಅರ್ಧದ ಹತ್ತಿರಕ್ಕೆ ಬಂದಾಗ. ಜಗತ್ತಿನ ಮೊದಲ ಫುಟ್‌ಬಾಲ್ ಲೀಗಿನ ಜನಕರಿಗೆ ಪಟ್ಟಿ ಅಷ್ಟು ತುರ್ತಿನದಾಗಿರಲಿಲ್ಲ. ಅವರಿಗೆ ಬೇಕಿದ್ದದ್ದು ಶನಿವಾರಗಳ ಖಾತರಿ.

ಹಾಗಾದರೆ ಲೀಗ್ ಎಂಬುದು ಸಂಬಳ ಮತ್ತು ಗೇಟಿನ ಹಣದ ಕೂಸು, ಸಂಬಳವೂ ಗೇಟೂ ಇಲ್ಲದ ಮಕ್ಕಳಿಗೆ ಅದರ ಗೊಡವೆ ಯಾಕೆ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಆದರೆ ಮೆಕ್‌ಗ್ರೆಗರ್ ಗುರುತಿಸಿದ ಕಾಯಿಲೆಗಳನ್ನು ಒಂದೊಂದಾಗಿ ನೋಡಿ: ಅನಿಶ್ಚಿತ ಪಂದ್ಯ, ಕೈಕೊಡುವ ಎದುರಾಳಿ, ಒಂದು ಸೋಲಿನಿಂದ ಋತುವೇ ಮುಗಿಯುವುದು, 26–0ರಂಥ ಅಸಮ ಜೋಡಿ. ಇವುಗಳಲ್ಲಿ ಹಣಕ್ಕೆ ಮಾತ್ರ ಅಂಟಿದ್ದು ಯಾವುದೂ ಇಲ್ಲ. ಹತ್ತು ವರ್ಷದ ಹುಡುಗಿಗೂ ಇವೇ ಕಾಟ. ಬೂಟು ಕಟ್ಟಿಕೊಂಡು ಕಾಯುತ್ತಿದ್ದಾಗ ಎದುರು ತಂಡ ಬರಲಿಲ್ಲವೆಂದರೆ ಅವಳಿಗಾಗುವ ನಷ್ಟ ಗೇಟಿನ ಹಣಕ್ಕಿಂತ ಸಣ್ಣದೇನಲ್ಲ. ಔಷಧಿಯನ್ನು ದೊಡ್ಡವರ ಸಂಬಳಕ್ಕಾಗಿ ಅರೆದದ್ದು ನಿಜ. ಅದು ಮಕ್ಕಳ ಮೈಗೂ ಹಿಡಿಯುತ್ತದೆ. ಹಿಡಿಯದೆ ಇರುವುದು ಅದರ ಜೊತೆಗೆ ಬಂದ ಪಥ್ಯ, ಅಂದರೆ ಅಂಕಪಟ್ಟಿ.

ಮಕ್ಕಳ ಆಟಕ್ಕೆ ದೊಡ್ಡವರು ಚೌಕಟ್ಟು ಹಾಕತೊಡಗಿದ್ದೂ ಅದೇ ಕಾಲದಲ್ಲಿ. ದಕ್ಷಿಣ ಲಂಡನ್ನಿನ ಪ್ರಾಥಮಿಕ ಶಾಲೆಗಳ ಮೇಷ್ಟ್ರುಗಳು 1885ರಲ್ಲಿ ಶಾಲಾ ಫುಟ್‌ಬಾಲ್ ಸಂಘವೊಂದನ್ನು ಕಟ್ಟಿದರು; 1904ರಲ್ಲಿ ಇಡೀ ಇಂಗ್ಲೆಂಡಿನ ಶಾಲೆಗಳಿಗೆ ಸಂಘವಾಯಿತು. ಕಪ್ಪು, ಶೀಲ್ಡು, ಲೀಗು ಎಲ್ಲವನ್ನೂ ದೊಡ್ಡವರಿಂದ ಹಾಗೆಹಾಗೆಯೇ ಇಳಿಸಿಕೊಂಡರು. ದೊಡ್ಡ ಕ್ಲಬ್‌ಗಳು ಹುಡುಗರನ್ನು ಸಾಕತೊಡಗಿದಾಗಲೂ ಹೀಗೆಯೇ. ಮ್ಯಾಂಚೆಸ್ಟರ್ ಯುನೈಟೆಡ್ 1938ರಲ್ಲಿ ತನ್ನ ಕಿರಿಯರ ಕ್ಲಬ್ ತೆರೆದು ಅವರನ್ನು ಚೋರ್ಲ್‌ಟನ್ನಿನ ಹವ್ಯಾಸಿ ಲೀಗಿನಲ್ಲಿ ಬೆಳೆದ ಗಂಡಸರ ಎದುರು ಇಳಿಸಿತು. ಯುನೈಟೆಡ್ ಹುಡುಗರು 1953ರಿಂದ 1957ರವರೆಗೆ ಯೂತ್ ಕಪ್ಪನ್ನು ಸತತ ಐದು ಸಲ ಗೆದ್ದರೆಂದು ಎಲ್ಲರಿಗೂ ಗೊತ್ತು, ಕಪ್ಪಿನಿಂದಲೇ ಆ ಪೀಳಿಗೆ ತಯಾರಾಯಿತೆಂದು ಹೇಳುವವರೂ ಇದ್ದಾರೆ. ಒಂದು ಕಪ್ ಗೆಲ್ಲಲು ವರ್ಷಕ್ಕೆ ಬೆರಳೆಣಿಕೆಯ ಪಂದ್ಯಗಳು ಸಾಕು. ಉಳಿದ ವಾರಗಳಲ್ಲಿ ಆ ಹುಡುಗರು ತಮಗಿಂತ ಗಟ್ಟಿಯಾದ ಕಾಲುಗಳ ಎದುರು ಲೀಗ್ ಪಂದ್ಯಗಳನ್ನು ಆಡುತ್ತಿದ್ದರು. ನ್ಯಾಂಟ್‌ವಿಚ್ ಮೇಲಿನ 23 ಗೋಲುಗಳು ಪತ್ರಿಕೆಗಳಿಗೆ ಸುದ್ದಿಯಾದವು. ಕಸುಬು ಕೈಗೆ ಹತ್ತಿದ್ದು ಆ ಬೇರೆ ಪಂದ್ಯಗಳಲ್ಲಿ.

ಇಳಿಸಿಕೊಂಡದ್ದರಲ್ಲಿ ಯಾವುದು ಹೆಚ್ಚಾಯಿತೆಂದು ಯುರೋಪಿಗೆ ಹೊಳೆಯಲು ಸುಮಾರು ನೂರು ವರ್ಷ ಹಿಡಿಯಿತು. ನಾರ್ವೆಯ ಕ್ರೀಡಾ ಒಕ್ಕೂಟ 1987ರಲ್ಲಿ ಮಕ್ಕಳ ಕ್ರೀಡೆಗೆ ನಿಯಮ ಮಾಡಿತು, 2007ರಲ್ಲಿ ಅದಕ್ಕೆ ಮಕ್ಕಳ ಹಕ್ಕುಗಳ ರೂಪ ಕೊಟ್ಟಿತು. ಮಗುವಿಗೆ ಹನ್ನೊಂದು ತುಂಬುವ ವರ್ಷದವರೆಗೆ ಅಂಕಪಟ್ಟಿಯಿಲ್ಲ, ಹದಿಮೂರಕ್ಕೆ ಮುಂಚೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಅಸೋಸಿಯೇಶನ್ನಿನ ತಾಂತ್ರಿಕ ನಿರ್ದೇಶಕ ಹೊವರ್ಡ್ ವಿಲ್ಕಿನ್ಸನ್ 1997ರಲ್ಲಿ ಬರೆದ ಯೋಜನೆ ಇದನ್ನು ಬೇರೆ ಬಾಗಿಲಿನಿಂದ ಪ್ರವೇಶಿಸಿತು. ಅಲ್ಲಿನ ಪ್ರತಿಭಾವಂತ ಹುಡುಗರು ಶಾಲೆಗೆ, ಜಿಲ್ಲೆಗೆ, ಕೌಂಟಿಗೆ, ಭಾನುವಾರದ ಕ್ಲಬ್ಬಿಗೆ ಎಂದು ನಾಲ್ಕಾರು ಕಡೆ ಆಡಿ ಬಸವಳಿಯುತ್ತಿದ್ದರು. ಕಲಿಯಲು ಬಿಡುವಿಲ್ಲ, ಗೆಲ್ಲಬೇಕೆಂಬ ಒತ್ತಾಯ ಮಾತ್ರ. ಹೊಸ ಅಕಾಡೆಮಿಗಳು ಪಂದ್ಯಗಳ ಸಂಖ್ಯೆಗೆ ಮಿತಿ ಹಾಕಿದವು, ಚಿಕ್ಕವರಿಗೆ ಚಿಕ್ಕ ಮೈದಾನ, ಚಿಕ್ಕ ತಂಡ ಕೊಟ್ಟವು. 2012ರ ಮೇ ತಿಂಗಳಲ್ಲಿ ಅಲ್ಲಿನ ಅಸೋಸಿಯೇಶನ್ನಿನ ಸದಸ್ಯರು ಬಹುಮತದಿಂದ ಇದನ್ನು ಊರೂರಿನ ಸಾಮಾನ್ಯ ಕ್ಲಬ್‌ಗಳಿಗೂ ವಿಸ್ತರಿಸಿದರು: ಏಳು ಎಂಟರೊಳಗಿನವರು ಐದೈದು ಮಂದಿ, ಒಂಬತ್ತು ಹತ್ತರೊಳಗಿನವರು ಏಳೇಳು ಮಂದಿ ಆಡಬೇಕು, ಹನ್ನೊಂದರೊಳಗಿನವರ ಅಂಕಪಟ್ಟಿಯನ್ನು ಪ್ರಕಟಿಸಬಾರದು. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಇವರಾರೂ ವೇಳಾಪಟ್ಟಿಯನ್ನು ಕಿತ್ತುಹಾಕಲಿಲ್ಲ. ವಾರದ ಪಂದ್ಯ, ಗೊತ್ತಾದ ಎದುರಾಳಿ, ನೋಂದಾಯಿತ ತಂಡ, ರೆಫರಿ ಎಲ್ಲವೂ ಇವೆ. ಗೋಡೆಯ ಮೇಲಿನ ಒಂದು ಹಾಳೆಯಷ್ಟೇ ಹೋಯಿತು.

ಆ ಹಾಳೆಯೇ ಪ್ರಾಣ ಎನ್ನುವವರಿದ್ದಾರೆ. ಜರ್ಮನಿಯಲ್ಲಿ ಈ ಜಗಳ ಬೀದಿಗೇ ಬಂತು. 2018ರಲ್ಲೂ 2022ರಲ್ಲೂ ವಿಶ್ವಕಪ್ಪಿನ ಮೊದಲ ಸುತ್ತಿನಲ್ಲೇ ಹೊರಬಿದ್ದ ದೇಶ ಅದು. ಅಲ್ಲಿನ ಒಕ್ಕೂಟ 2024–25ರ ಋತುವಿನಿಂದ ಎಳೆಯರಿಗೆ ಹೊಸ ಬಗೆಯ ಆಟವನ್ನು ಕಡ್ಡಾಯ ಮಾಡಿತು: ಇಬ್ಬಿಬ್ಬರು ಇಲ್ಲವೇ ಮೂವರು ಮೂವರ ತಂಡ, ನಾಲ್ಕು ಪುಟ್ಟ ಗೋಲುಗಳು, ಒಂಬತ್ತರೊಳಗಿನವರಿಗೆ ಅಂಕಪಟ್ಟಿಯಿಲ್ಲ. ಆಗ ಡಾರ್ಟ್‌ಮುಂಡ್ ಕ್ಲಬ್ಬಿನ ಮುಖ್ಯಸ್ಥರೂ ಒಕ್ಕೂಟದ ಉಪಾಧ್ಯಕ್ಷರೂ ಆಗಿದ್ದ ಹಾನ್ಸ್ ಯೋಆಕಿಮ್ ವಾಟ್ಸ್‌ಕೆ 2023ರಲ್ಲಿ ಇದನ್ನು ಲೇವಡಿ ಮಾಡಿದರು. ಇನ್ನು ಮುಂದೆ ಚೆಂಡೇ ಇಲ್ಲದೆ ಆಡಿಸುತ್ತೀರಿ, ಇಲ್ಲವೇ ನಿಧಾನದ ಮಕ್ಕಳಿಂದ ಉರುಳಿ ಹೋಗದಂತೆ ಚೆಂಡಿಗೆ ಮೂಲೆಗಳನ್ನು ಮಾಡಿಸುತ್ತೀರಿ ಎಂಬರ್ಥದ ಮಾತಾಡಿದರು. ಮಾತು ಚುರುಕಾಗಿದೆ, ನಗುವೂ ಬರುತ್ತದೆ. ಸೋಲನ್ನು ಅರಗಿಸಿಕೊಳ್ಳಲು ಕಲಿಯದ ಮಗು ಮುಂದೆ ಏನಾದೀತು ಎಂಬ ಅದರ ಒಳಗಿನ ಆತಂಕವನ್ನೂ ಹಗುರವಾಗಿ ಕಾಣುವಂತಿಲ್ಲ. ಆದರೆ ಆ ಹೊಸ ಪದ್ಧತಿಯ ಒಂದು ನಿಯಮ ವಾಟ್ಸ್‌ಕೆಯವರ ಲೇವಡಿಗೆ ತಾನೇ ಉತ್ತರ ಕೊಡುತ್ತದೆ. ಸಾಲಾಗಿ ಹಾಕಿದ ಪುಟ್ಟ ಅಂಗಳಗಳಲ್ಲಿ ಒಂದೊಂದು ಸುತ್ತು ಮುಗಿದಾಗಲೂ ಗೆದ್ದ ತಂಡ ಒಂದಂಗಳ ಮೇಲೆ ಹೋಗುತ್ತದೆ, ಸೋತದ್ದು ಒಂದಂಗಳ ಕೆಳಗೆ ಬರುತ್ತದೆ. ಒಂದೇ ಬೆಳಗ್ಗೆಯಲ್ಲಿ ಮಗು ಹಲವು ಸಲ ಗೆಲ್ಲುತ್ತದೆ, ಹಲವು ಸಲ ಸೋಲುತ್ತದೆ, ಹೊತ್ತೇರಿದಂತೆ ತನ್ನ ಸರಿಸಮಾನರ ಎದುರು ಬಂದು ನಿಲ್ಲುತ್ತದೆ. ಸ್ಪರ್ಧೆ ಎಲ್ಲಿ ಹೋಯಿತು? ಎಂಟು ವರ್ಷದ ಮಗುವನ್ನು ಸ್ಕೋರ್ ಎಷ್ಟೆಂದು ಕೇಳಿ ನೋಡಿ, ರೆಫರಿಗಿಂತ ಮೊದಲು ಹೇಳುತ್ತದೆ. ಅಂಕಪಟ್ಟಿಯನ್ನು ಆಸೆಯಿಂದ ಓದುವವರು ಮಗುವಿನ ತಂದೆತಾಯಿ, ಅದನ್ನು ಕಂಡು ಭಯಪಡುವವನು ಕೋಚ್. ಐದನೇ ಸ್ಥಾನದಿಂದ ನಾಲ್ಕಕ್ಕೇರಲು ಬೇಕಾದ ಒಂದು ಗೆಲುವಿಗಾಗಿ ಬೆಂಚಿನ ಮೇಲೆ ಕೂತೇ ಇರುವುದು ತಡವಾಗಿ ಮೈತುಂಬುವ ಮಕ್ಕಳು.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು, ಅದು ವಿರುದ್ಧ ದಿಕ್ಕಿನಿಂದ ಬರುತ್ತದೆ. ಪಟ್ಟಿ ಬೇಡವಾದ ಮೇಲೆ ಲೀಗಿನ ಹಂಗೇಕೆ, ನಾಲ್ಕು ಕ್ಲಬ್‌ಗಳ ಕೋಚ್‌ಗಳು ಫೋನಿನಲ್ಲಿ ಮಾತಾಡಿ ಪಂದ್ಯ ಗೊತ್ತುಮಾಡಿಕೊಂಡರಾಯಿತಲ್ಲ? ಕೇಳಲು ಸುಲಭ. 1880ರ ದಶಕದ ಇಂಗ್ಲೆಂಡ್ ಮಾಡಿದ್ದೂ ಇದನ್ನೇ, ಫೋನಿನ ಬದಲು ಅಂಚೆಯಲ್ಲಿ. ಮಾತಿನ ಮೇಲೆ ನಿಂತ ಪಂದ್ಯಕ್ಕೆ ಇರುವ ಶತ್ರು ದುರುದ್ದೇಶವಲ್ಲ, ಅದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸ ಬಂದುಬಿಡುವುದು. ಅಲ್ಲದೆ ಬಲಶಾಲಿ ಕ್ಲಬ್ ಯಾವಾಗಲೂ ಆಯ್ದುಕೊಳ್ಳುವ ಸ್ಥಾನದಲ್ಲಿರುತ್ತದೆ. ಯಾರೂ ಕರೆಯದ ಸಣ್ಣ ಕ್ಲಬ್ ಕರೆಗಾಗಿ ಕಾಯುತ್ತಾ ಕೂರುತ್ತದೆ. ಇಂಗ್ಲೆಂಡಿನ ದೊಡ್ಡ ಅಕಾಡೆಮಿಗಳ ಚಿಕ್ಕ ಮಕ್ಕಳು ಲೀಗ್ ಆಡುವುದಿಲ್ಲ ಎಂಬ ಮಾತನ್ನು ಇಲ್ಲಿ ಸಾಕ್ಷಿಯಾಗಿ ತರುವುದುಂಟು. ಅವರ ಪಂದ್ಯಗಳ ಕಾರ್ಯಕ್ರಮವನ್ನು ಪ್ರೀಮಿಯರ್ ಲೀಗೇ ಮೇಲಿನಿಂದ ರೂಪಿಸುತ್ತದೆ. ಪಟ್ಟಿಯಿಲ್ಲ ಎಂದು ಅದನ್ನು ಲೀಗ್ ಅಲ್ಲವೆನ್ನುವುದು, ಬಾಸಿಂಗವಿಲ್ಲ ಎಂದು ಮದುವೆಯೇ ಆಗಿಲ್ಲ ಎಂದಂತೆ.

ಅಮೆರಿಕದಲ್ಲಿ ಇದು ಬೇರೆಯೇ ತಿರುವು ಪಡೆಯಿತು. 1964ರಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ಹುಟ್ಟಿದ ಎವೈಎಸ್‌ಒ ಎಂಬ ಮಕ್ಕಳ ಫುಟ್‌ಬಾಲ್ ಸಂಸ್ಥೆಯದು ಎರಡು ಸರಳ ಕಟ್ಟಳೆ. ಪ್ರತಿ ಮಗುವೂ ಪ್ರತಿ ಪಂದ್ಯದ ಅರ್ಧದಷ್ಟಾದರೂ ಆಡಬೇಕು, ಪ್ರತಿ ವರ್ಷ ತಂಡಗಳನ್ನು ಒಡೆದು ಬಲ ಸರಿತೂಗುವಂತೆ ಮತ್ತೆ ಕಟ್ಟಬೇಕು. ಯುರೋಪಿನವರು ದಶಕಗಳ ನಂತರ ಮುಟ್ಟಿದ ತಿಳಿವಳಿಕೆಯ ಒಂದಂಶ ಇದರಲ್ಲೇ ಇತ್ತು. ಆದರೆ ಮುಂದೆ ಬೆಳೆದದ್ದು ಆಯ್ಕೆಯ ಕ್ಲಬ್‌ಗಳು, ಅವುಗಳ ಜೊತೆಗೆ ಹಣ ಕೊಟ್ಟು ಆಡುವ ಪದ್ಧತಿ. ಅಲ್ಲಿ ಲೀಗ್ ಎಂಬುದು ಕ್ಲಬ್ಬಿನ ಅಂಗಿಯ ಮೇಲಿನ ಬಿಲ್ಲೆಯಾಯಿತು. ರಾಷ್ಟ್ರೀಯ ಒಕ್ಕೂಟ 2007ರಲ್ಲಿ ತೆರೆದ ಡೆವಲಪ್‌ಮೆಂಟ್ ಅಕಾಡೆಮಿ ಲೀಗಿನ ಮೂಲ ಗುರಿ ಪಂದ್ಯ ಕಡಿಮೆ ಮಾಡಿ ತರಬೇತಿ ಹೆಚ್ಚಿಸುವುದಾಗಿತ್ತು. 2020ರ ಏಪ್ರಿಲ್‌ನಲ್ಲಿ ಕೊರೊನಾ ಕಾಲದ ಹಣದ ಮುಗ್ಗಟ್ಟಿನ ನಡುವೆ ಅದು ಮುಚ್ಚಿತು. ಅದರಲ್ಲಿದ್ದ ಕ್ಲಬ್‌ಗಳು ಮುಂದಿನ ಬಿಲ್ಲೆಗಾಗಿ ಎಂಎಲ್‌ಎಸ್ ನೆಕ್ಸ್ಟ್, ಇಸಿಎನ್‌ಎಲ್ ಎಂಬ ಲೀಗುಗಳತ್ತ ಧಾವಿಸಿದವು. ದೊಡ್ಡ ಹೆಸರಿನ ಲೀಗೆಂದರೆ ದೂರದ ಪ್ರಯಾಣ. ಪಕ್ಕದ ಊರಿನಲ್ಲೇ ಸಮಬಲದ ತಂಡವಿದ್ದರೂ ಅದು ಬೇರೆ ಲೀಗಿನಲ್ಲಿದೆ ಎಂಬ ಕಾರಣಕ್ಕೆ ಗಂಟೆಗಟ್ಟಲೆ ಕಾರು ಓಡಿಸಬೇಕು. ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿದ ಕನ್ನಡದ ಕುಟುಂಬಗಳಿಗೂ ಈ ವಾರಾಂತ್ಯದ ಅಲೆದಾಟ ಹೊಸದಲ್ಲ. ಇಂಥ ಲೀಗ್ ಬೇಕೇ ಎಂದು ಅಲ್ಲಿನವರು ಕೇಳಿದರೆ ನ್ಯಾಯವೇ. ಆದರೆ ಅವರ ದೂರು ನಿಜವಾಗಿ ಬಿಲ್ಲೆಯ ಮೇಲೆ. ಮೆಕ್‌ಗ್ರೆಗರ್ ಹೇಳಿದ ಖಾತರಿಯ ಪಂದ್ಯ ಅವರಿಗೂ ಬೇಕಾದದ್ದೇ, ಅದೂ ಮನೆಗೆ ಹತ್ತಿರದಲ್ಲಿ.

ಭಾರತಕ್ಕೆ ಬಂದರೆ ಚಿತ್ರ ತಿರುಗುಮುರುಗು. ಮ್ಯಾಂಚೆಸ್ಟರಿನಲ್ಲಿ ಲೀಗ್ ಹುಟ್ಟಿದ 1888ರಲ್ಲೇ ಸಿಮ್ಲಾದಲ್ಲಿ ಡುರಾಂಡ್ ಕಪ್ ಹುಟ್ಟಿತು. 1891ರಲ್ಲಿ ಮುಂಬಯಿಯ ರೋವರ್ಸ್ ಕಪ್, 1893ರಲ್ಲಿ ಕೋಲ್ಕತ್ತದ ಐಎಫ್‌ಎ ಶೀಲ್ಡ್. ಕೋಲ್ಕತ್ತ 1898ರಲ್ಲಿ ಲೀಗ್ ಕಟ್ಟಿಕೊಂಡಿತು, ಬೇರೆ ಕೆಲವು ನಗರಗಳೂ ತಮ್ಮ ಮಟ್ಟಿಗೆ ಕಟ್ಟಿಕೊಂಡವು. ದೇಶಕ್ಕೊಂದು ಲೀಗ್ ಬಂದದ್ದು ಮಾತ್ರ 1996ರಲ್ಲಿ, ಇಂಗ್ಲೆಂಡಿಗಿಂತ 108 ವರ್ಷ ತಡವಾಗಿ. ನಮ್ಮದು ಕಪ್ಪಿನ ನಾಡು, ಮಕ್ಕಳಿಗೂ ಕಪ್ಪನ್ನೇ ಕೊಟ್ಟೆವು. ಶಾಲೆಗಳಿಗಾಗಿ 1960ರಲ್ಲಿ ಸುಬ್ರತೋ ಕಪ್, ಕಿರಿಯರಿಗಾಗಿ 1962ರಲ್ಲಿ ಬಿ. ಸಿ. ರಾಯ್ ಟ್ರೋಫಿ. ಕಪ್ಪಿನ ಗಣಿತ ಎಷ್ಟು ನಿರ್ದಯಿ ಎಂಬುದನ್ನು ಬೆರಳಲ್ಲೇ ಎಣಿಸಬಹುದು. 16 ಶಾಲೆಗಳ ನಾಕೌಟ್‌ನಲ್ಲಿ ಒಟ್ಟು 15 ಪಂದ್ಯ. ಗೆದ್ದ ಶಾಲೆಗೆ 4, ಎಂಟು ಶಾಲೆಗಳಿಗೆ ಒಂದೊಂದೇ. ಯಾರಿಗೆ ಅನುಭವ ಕಡಿಮೆಯೋ ಅವರನ್ನೇ ಮೊದಲು ಮನೆಗೆ ಕಳಿಸುವ ಏರ್ಪಾಡು ಇದು. ಅದೇ 16 ಶಾಲೆಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ ಎರಡು ಸುತ್ತು ಆಡಿಸಿದರೆ ಎಲ್ಲರಿಗೂ ಆರಾರು ಪಂದ್ಯ ಸಿಗುತ್ತವೆ.

ಬೆಂಗಳೂರಿನ ಚರಿತ್ರೆ ಇದನ್ನೆಲ್ಲ ಸುಳ್ಳು ಮಾಡುವುದಿಲ್ಲವೇ ಎಂದು ಕೇಳುವವರುಂಟು. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, ಮರುವರ್ಷವೂ ಗೆದ್ದಿತು. 1946–47ರಲ್ಲಿ ಮೈಸೂರು ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್, ಆಮೇಲೆ ಈಸ್ಟ್ ಬೆಂಗಾಲ್‌ನ ಕಣ್ಮಣಿಯಾದ ಅಹ್ಮದ್ ಖಾನ್ ಈ ನೆಲದವರು. ಇವರು ಯಾವ ಮಕ್ಕಳ ಲೀಗಿನಲ್ಲಿ ಪಳಗಿದರು? ಯಾವುದರಲ್ಲೂ ಅಲ್ಲ. ಆದರೆ ದಂಡು ಪ್ರದೇಶದ ಸುತ್ತಲಿನ ಹುಡುಗರಿಗೆ ಲೀಗ್ ಕೊಡುವುದನ್ನು ಬೀದಿಯೇ ಕೊಟ್ಟಿತ್ತು. ಆಸ್ಟಿನ್ ಟೌನ್, ಹಲಸೂರಿನ ಗೌತಮಪುರಗಳಲ್ಲಿ ಸಂಜೆಯಾದರೆ ಆಟ ಖಾತರಿ, ಎದುರಾಳಿ ಖಾತರಿ. ಇಬ್ಬರು ನಾಯಕರು ಸರದಿಯಲ್ಲಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳುವುದರಿಂದ ಬಲವೂ ಸರಿಸುಮಾರು ಸಮ. ಮೇಲಿನ ಹಂತದಲ್ಲಿ ಸೈನಿಕರ ತಂಡಗಳಿದ್ದವು. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರದ ಗಲ್ಲಿ ಯಾರ ಹೆಸರನ್ನೂ ಪಟ್ಟಿಯಲ್ಲಿ ಬರೆಯಲಿಲ್ಲ, ಯಾವ ಸಂಜೆಯನ್ನೂ ತಪ್ಪಿಸಲಿಲ್ಲ. ಆ ಬಯಲುಗಳಲ್ಲಿ ಎಷ್ಟೋ ಈಗ ಕಟ್ಟಡಗಳಾಗಿವೆ, ಸಂಜೆಗಳು ಟ್ಯೂಷನ್ನಿಗೆ ಹೋಗಿವೆ. ಮೈಸೂರು 1968–69ರಲ್ಲಿ ಗೆದ್ದ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಮತ್ತೆ ದಕ್ಕಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. ಅಷ್ಟು ದೀರ್ಘ ಬರಗಾಲಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆ. ಬೀದಿ ಹೋದ ಮೇಲೆ ಅದು ಮಾಡುತ್ತಿದ್ದ ಕೆಲಸವನ್ನು ಯಾರಾದರೂ ವಹಿಸಿಕೊಳ್ಳಬೇಕಿತ್ತು ಎಂಬಷ್ಟನ್ನು ಹೇಳಬಹುದು. ಮಿಜೋರಾಂ ಅದನ್ನು ನಾವ್‌ಪಾಂಗ್ ಲೀಗ್ ಎಂಬ ಮಕ್ಕಳ ಲೀಗಿನಿಂದ ಮಾಡತೊಡಗಿತು, ಅಖಿಲ ಭಾರತ ಒಕ್ಕೂಟವೂ 2018ರಿಂದ ಆರರಿಂದ ಹನ್ನೆರಡು ವರ್ಷದವರಿಗಾಗಿ ಬೇಬಿ ಲೀಗುಗಳನ್ನು ನಡೆಸಲು ಊರೂರುಗಳನ್ನು ಹುರಿದುಂಬಿಸತೊಡಗಿತು. ಹೆಸರು ಕೇಳಿ ನಕ್ಕವರೂ ಇದ್ದರು.

ಹದಿಮೂರು ಹದಿನಾಲ್ಕರ ನಂತರ ಅಂಕಪಟ್ಟಿ ಗೋಡೆಗೆ ಬರಲಿ, ಅದಕ್ಕೆ ನನ್ನ ತಕರಾರಿಲ್ಲ. ಬಲಕ್ಕೆ ತಕ್ಕ ವಿಭಾಗಗಳಾಗಿ ತಂಡಗಳನ್ನು ವಿಂಗಡಿಸಲು ಆ ವಯಸ್ಸಿನಲ್ಲಿ ಅದು ನೆರವಾಗುತ್ತದೆ. ಕೊನೆಯ ವಾರದ ಒತ್ತಡವನ್ನು ತಾಳುವುದೂ ಒಂದು ವಿದ್ಯೆಯೇ. ಪಟ್ಟಿ ಇಲ್ಲದಿದ್ದರೆ ಯಾರೂ ಮನಸ್ಸಿಟ್ಟು ಆಡುವುದಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆ. 1888ರ ಸೆಪ್ಟೆಂಬರ್ 8ರ ಶನಿವಾರ ಐದು ಪಂದ್ಯಗಳು ನಡೆದವು. ಬೋಲ್ಟನ್‌ನಲ್ಲಿ ಡರ್ಬಿಯವರು 6–3ರಿಂದ ಗೆದ್ದರು, ಪ್ರೆಸ್ಟನ್ 5–2ರಿಂದ ಬರ್ನ್‌ಲಿಯನ್ನು ಸೋಲಿಸಿತು. ಮೆಕ್‌ಗ್ರೆಗರ್‌ನ ಸ್ವಂತ ಆ್ಯಸ್ಟನ್ ವಿಲ್ಲಾ ವುಲ್ವರ್‌ಹ್ಯಾಂಪ್ಟನ್ನಿಗೆ ಹೋಗಿ 1–1ರಿಂದ ಸಮ ಮಾಡಿಕೊಂಡಿತು. ಆ ಸಮದ ಬೆಲೆ ಒಂದು ಅಂಕವೋ, ಸೊನ್ನೆಯೋ ಎಂಬುದು ಮೈದಾನದಲ್ಲಿದ್ದ ಇಪ್ಪತ್ತೆರಡು ಮಂದಿಯಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಮುಂದಿನ ಶನಿವಾರ ಯಾರ ಮೇಲೆ ಆಟವೆಂಬುದು ಗೊತ್ತಿತ್ತು.